ಬಾಯಲ್ಲಿ ಕಚ್ಚಿದ ನಾರು

ನಮ್ಮ ಮನೆಯ ಟಿವಿ ಇರುವುದು ನಡುಮನೆಯಲ್ಲಿ, ಹುಳುಮನೆಯ ಗೋಡೆಗೆ ಆನಿಕೊಂಡು. ಗೋಡೆಯ ಆ ಕಡೆ ರೇಷ್ಮೆಹುಳುಗಳು ಸರಸರ ಸೊಪ್ಪು ಮೇಯುವ ಸದ್ದು, ಈ ಕಡೆ ಟಿವಿಯವರ ಕಿರುಚಾಟ. ಕೊರೊನಾ ಬಂದು ಬಸ್ಸು ನಿಂತ ಆ ಬೇಸಿಗೆಯಲ್ಲಿ ನಾನು ಈ ಎರಡು ಸದ್ದುಗಳ ನಡುವೆ ಸಿಕ್ಕಿಬಿದ್ದಿದ್ದೆ. ಯಳಂದೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ನಮ್ಮೂರಿಂದ ಕೊಳ್ಳೇಗಾಲಕ್ಕೆ ಒಂದು ಬಸ್ಸು, ಅಲ್ಲಿಂದ ಯಳಂದೂರಿಗೆ ಇನ್ನೊಂದು. ಹೊನ್ನೂರಿನಿಂದ ಆಟೋದಲ್ಲಿ ಬರುವ ಹುಡುಗಿಯರು ನನಗಿಂತ ಮೊದಲೇ ಬಂದು ಮಿಷನ್ನಿನ ಮುಂದೆ ಕೂತಿರುತ್ತಿದ್ದರು. ಹೀಗೆ ಕಾಲಿಗೆ ಚಕ್ರ ಕಟ್ಟಿಕೊಂಡು ಬದುಕಿದವಳನ್ನು ಮನೆಯಲ್ಲಿ ಕೂಡಿ ಹಾಕಿದರೆ ಏನಾಗಬೇಕು? ಅಂಗಳಕ್ಕೆ ಹೋಗುವುದು, ಬರುವುದು, ಫೋನು ನೋಡುವುದು, ಮತ್ತೆ ಅಂಗಳಕ್ಕೆ ಹೋಗುವುದು.

"ಕಾಲ್ ಸುಟ್ಟ ಬೆಕ್ನಂಗೆ ತಿರುಗ್ಬ್ಯಾಡ ಕಣಮ್ಮಿ, ಒಂದ್ ಕಡೆ ಕೂತ್ಕೋ" ಎಂದು ಅವ್ವ ಗದರುತ್ತಿದ್ದಳು. ಅವಳು ಮಾತ್ರ ಟಿವಿ ಮುಂದಿನಿಂದ ಏಳುತ್ತಿರಲಿಲ್ಲ. ಎದ್ದರೆ ಹುಳುಮನೆಗೆ, ಹುಳುಮನೆಯಿಂದ ಮತ್ತೆ ಟಿವಿಗೆ.

ಮನೆಯಲ್ಲಿ ನಾವು ಮೂವರು. ಅವ್ವ, ಬೇಸಾಯ ನೋಡಿಕೊಳ್ಳುವ ಅಣ್ಣ, ಮದುವೆಯಾಗದೆ ಉಳಿದ ನಾನು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಪಕ್ಕದ ಊರು ನಮ್ಮದು. ಹಿಪ್ಪುನೇರಳೆ ತೋಟ ಒಂದಷ್ಟು, ಬಾವಿ ಪಕ್ಕದಲ್ಲಿ ಸೊಪ್ಪಿನ ಮಡಿ ಒಂದಷ್ಟು. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಸೋಂಕು ಎನ್ನುವ ಮಾತು ಹೊಸದಲ್ಲ. ನಮ್ಮ ಹುಳುಮನೆಯ ಒಳಗೆ ಹೊರಗಿನ ಚಪ್ಪಲಿ ಬರುವ ಹಾಗಿಲ್ಲ. ಬಾಗಿಲಲ್ಲೇ ಬ್ಲೀಚಿಂಗ್ ಪೌಡರಿನ ನೀರು, ಅದರಲ್ಲಿ ಕಾಲು ಅದ್ದಬೇಕು. ಹೊಗೆಸೊಪ್ಪು ಮುಟ್ಟಿದ ಕೈ ಒಳಗೆ ಬರಬಾರದು. ಇನ್ನೊಬ್ಬರ ಹುಳುಮನೆ ಹೊಕ್ಕು ಬಂದವರಂತೂ ಹೊಸ್ತಿಲಿನ ಹತ್ತಿರವೂ ಸುಳಿಯುವಂತಿಲ್ಲ. ಸುಣ್ಣಕಟ್ಟು ರೋಗ ಬಂದು ಇಡೀ ಮನೆಯ ಹುಳು ಸೀಮೆಸುಣ್ಣದ ಹಾಗೆ ಬೆಳ್ಳಗೆ ಬಿರುಸಾಗಿ ಸತ್ತದ್ದನ್ನು ಅವ್ವ ಕಣ್ಣಾರೆ ಕಂಡಿದ್ದಳು. ಕಾಣದ ರೋಗ ಯಾರದೋ ಕಾಲಿನಲ್ಲಿ, ಯಾರದೋ ಕೈಯಲ್ಲಿ ಬಂದುಬಿಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಟಿವಿಯವರು "ಸೋಂಕು ಹರಡುತ್ತಿರುವವರು ಯಾರು?" ಎಂದು ಬೆಳಗಿನಿಂದ ಸಂಜೆಯವರೆಗೆ ಕೂಗತೊಡಗಿದಾಗ ಅದು ನಮ್ಮ ಅವ್ವನ ಭಾಷೆಯಲ್ಲೇ ಇತ್ತು. ಅವಳು ಇಷ್ಟು ದಿನ ಕಾಲು ನೋಡುತ್ತಿದ್ದಳು, ಕೈ ನೋಡುತ್ತಿದ್ದಳು. ಟಿವಿಯವರು ತಲೆಯ ಮೇಲಿನ ಟೋಪಿ ನೋಡು ಎಂದರು.

ನಮ್ಮೂರಿನ ಕೆರೆ ಏರಿಯ ಕೆಳಗೆ ಎರಡು ಮೂರು ಮುಸಲ್ಮಾನರ ಮನೆಗಳಿವೆ. ಅದರಲ್ಲಿ ಒಂದು ಸೊಪ್ಪಿನ ಸಾಬರದು. ಹೆಸರು ಇದ್ದೇ ಇದೆ, ಆದರೆ ಇಡೀ ಸೀಮೆಗೆ ಅವರು ಸೊಪ್ಪಿನ ಸಾಬರು, ಅವರ ಹೆಂಡತಿ ಬೂಬಮ್ಮ. ನಮ್ಮ ಕಡೆ ವಯಸ್ಸಾದ ಮುಸಲ್ಮಾನ ಹೆಂಗಸರನ್ನು ಕರೆಯುವುದೇ ಹಾಗೆ. ಸಾಬರು ಬೆಳಕು ಹರಿಯುವ ಹೊತ್ತಿಗೆ ನಮ್ಮ ಬಾವಿಯ ಹತ್ತಿರ ಬಂದು ದಂಟು, ಕೀರೆ, ಮೆಂತ್ಯ, ಕೊತ್ತಂಬರಿ ಕಿತ್ತುಕೊಂಡು, ಮೊಪೆಡ್ಡಿಗೆ ಹೇರಿಕೊಂಡು ಹನೂರು, ಶಾಗ್ಯ ಎಂದು ಊರೂರು ತಿರುಗಿ ಮಾರಿ ಬರುತ್ತಿದ್ದರು. ಸೊಪ್ಪು ಕಟ್ಟುವ ಕೆಲಸಕ್ಕೆ ಅವ್ವನೂ ಅವರ ಜೊತೆ ಕೂರುತ್ತಿದ್ದಳು. ಕಟ್ಟುವುದೆಂದರೆ ಹೀಗೆ: ನೆನೆಸಿದ ಬಾಳೆನಾರಿನ ಎಳೆಗಳನ್ನು ಬಾಯಲ್ಲಿ ಕಚ್ಚಿಕೊಳ್ಳಬೇಕು. ಎರಡೂ ಕೈಯಲ್ಲಿ ಸೊಪ್ಪಿನ ಬುಡ ಕೂಡಿಸಿ ಹಿಡಿದು, ಹಲ್ಲಿನ ನಡುವಿನಿಂದ ಒಂದು ಎಳೆ ಎಳೆದು, ಸುತ್ತಿ ಗಂಟು ಹಾಕಬೇಕು. ನಾರನ್ನು ನೆಲಕ್ಕೆ ಇಟ್ಟರೆ ಒಣಗುತ್ತದೆ, ಸಿಕ್ಕಾಗುತ್ತದೆ, ಒಂದೊಂದು ಸಲಕ್ಕೂ ಕೈ ಬಿಡಬೇಕಾಗುತ್ತದೆ. ಸೊಪ್ಪಾಗಲಿ, ಹಿಪ್ಪುನೇರಳೆ ಕಡ್ಡಿಯಾಗಲಿ, ಹೂವಾಗಲಿ, ನಮ್ಮ ಸೀಮೆಯಲ್ಲಿ ಕಟ್ಟುವವರೆಲ್ಲಾ ಕಟ್ಟುವುದೇ ಹೀಗೆ. ಇಬ್ಬರೂ ಬಾಯಿ ತುಂಬ ನಾರು ಕಚ್ಚಿಕೊಂಡು ಹಲ್ಲಿನ ಸಂದಿಯಲ್ಲೇ ಊರ ಸುದ್ದಿಯನ್ನೆಲ್ಲ ಆಡುತ್ತಿದ್ದರು. ನನಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಅವರಿಗೆ ಮಾತ್ರ ಪೂರ್ತಿ ತಿಳಿಯುತ್ತಿತ್ತು.

ಬೂಬಮ್ಮ ನಮ್ಮ ಮನೆಗೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಆಯುವ ಕೆಲಸಕ್ಕೆ ಬರುತ್ತಿದ್ದಳು. ಅವ್ವ ತನ್ನ ಸ್ವಂತ ತಂಗಿಯನ್ನೂ ಹುಳುಮನೆಯೊಳಗೆ ಅನುಮಾನದಿಂದಲೇ ಬಿಟ್ಟುಕೊಳ್ಳುತ್ತಿದ್ದವಳು, ಬೂಬಮ್ಮನನ್ನು ಒಂದು ಮಾತು ಕೇಳದೆ ಬಿಡುತ್ತಿದ್ದಳು. ಅವರ ಹಬ್ಬಕ್ಕೆ ಅಲ್ಲಿಂದ ಸುರುಕುಂಬದ ಪಾಯಸ ಬರುತ್ತಿತ್ತು, ನಮ್ಮ ಹಬ್ಬಕ್ಕೆ ಇಲ್ಲಿಂದ ಒಬ್ಬಟ್ಟು ಹೋಗುತ್ತಿತ್ತು. ಇದನ್ನೆಲ್ಲ ದೊಡ್ಡ ಸೌಹಾರ್ದ ಎಂದು ಯಾರೂ ಅಂದುಕೊಂಡಿರಲಿಲ್ಲ. ಅಕ್ಕಪಕ್ಕದವರು ಎಂದುಕೊಂಡಿದ್ದೆವು.

ಆ ವೀಡಿಯೊ ಮೊದಲು ಬಂದದ್ದು ಅಣ್ಣನ ಫೋನಿಗೆ. ಹನೂರಿನ ಆಚೆ ಯಾವುದೋ ಊರಿನಲ್ಲಿ ಯಾರೋ ಮಹಡಿಯ ಮೇಲೆ ನಿಂತು ತೆಗೆದದ್ದು. ಮೊಪೆಡ್ಡಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಟೋಪಿಯ ಮನುಷ್ಯ, ಬಾಯಿಂದ ಏನನ್ನೋ ಎಳೆದು ಸೊಪ್ಪಿಗೆ ಸುತ್ತುತ್ತಾನೆ. ಅಷ್ಟೇ. ದಾರಿಯಲ್ಲಿ ಬಿಚ್ಚಿಹೋದ ಕಟ್ಟನ್ನು ಮತ್ತೆ ಕಟ್ಟುತ್ತಿದ್ದರು ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಅದೇ ತುಣುಕು ಟಿವಿಯಲ್ಲಿ ಬಂತು. ಈಗ ಅದಕ್ಕೆ ಎದೆ ಬಡಿಯುವಂಥ ಸಂಗೀತ ಸೇರಿತ್ತು. ಬಾಯಿಯ ಸುತ್ತ ಕೆಂಪು ವೃತ್ತ, ನಾರು ನಿಧಾನವಾಗಿ, ಬಹಳ ನಿಧಾನವಾಗಿ ಹೊರಗೆ ಬರುವುದು, ಮತ್ತೆ ಮೊದಲಿನಿಂದ. ಕೆಳಗೆ "ಸೊಪ್ಪಿನ ಜೊತೆ ಸೋಂಕು?" ಎಂಬ ಬರಹ. ಆ ಪ್ರಶ್ನಾರ್ಥಕ ಚಿಹ್ನೆ ಒಂದನ್ನು ಸಿಕ್ಕಿಸಿಬಿಟ್ಟರೆ ಏನು ಬೇಕಾದರೂ ಹೇಳಬಹುದು, ಹೇಳಿಲ್ಲ ಎಂದೂ ಹೇಳಬಹುದು. ಕಾನೂನಿಗೆ ಹೆದರಿ ಮುಖವನ್ನು ಮಸುಕು ಮಾಡಿದ್ದರು. ಟೋಪಿಯನ್ನು ಮಸುಕು ಮಾಡಿರಲಿಲ್ಲ.

"ಅಯ್ಯೋ, ಇವ್ರು ನಮ್ ಸಾಬ್ರಲ್ವ?" ಎಂದಳು ಅವ್ವ. ಮುಖ ಕಾಣದಿದ್ದರೂ ಗಂಟು ಹಾಕುವ ಎಡಗೈಯಿಂದಲೇ ಗುರುತು ಹಿಡಿದಿದ್ದಳು. ಸೊಪ್ಪು ನಮ್ಮ ಮಡಿಯದೇ. ನಾನು ಅವಳು ನಗುತ್ತಾಳೆ ಎಂದುಕೊಂಡೆ. ಟಿವಿಯವರಿಗೆ ಸೊಪ್ಪು ಕಟ್ಟುವುದು ಕೂಡ ಗೊತ್ತಿಲ್ಲ ಎಂದು ಆಡಿಕೊಳ್ಳುತ್ತಾಳೆ ಎಂದುಕೊಂಡೆ. ತುಣುಕು ಮತ್ತೊಮ್ಮೆ ಬಂತು. ಇನ್ನೊಮ್ಮೆ ಬಂತು. ಅವ್ವನ ಮುಖ ಸೊಟ್ಟಗಾಯಿತು.

"ಥೂ! ಬಾಯಿಂದ ತಗ್ದು ತಗ್ದು ಸುತ್ತಾನಲ್ಲಮ್ಮಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಅವ್ವ, ನೀನ್ ಎಂಗ್ ಕಟ್ಟೀಯೆ?" ಎಂದೆ.

"ನಂದ್ ಬುಡು."

"ಯಾಕ ಬುಡ್ಬೇಕು? ನಿನ್ ಪಕ್ಕದಲ್ಲೇ ಕೂತ್ಕಂಡಲ್ವ ಅವ್ರು ದಿನಾ ಕಟ್ತಿದ್ದದ್ದು? ನೀನ್ ನೋಡ್ನಿಲ್ವ?"

"ನೋಡ್ದಿ. ಇಷ್ಟ್ ದಿನ ಗೊತ್ತಾಗ್ನಿಲ್ಲ, ಅಷ್ಟೆಯ" ಎಂದಳು.

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ ಕೆಂಪು ವೃತ್ತ ಬರಿಯ ಆ ದಿನಕ್ಕೆ ನಿಲ್ಲಲಿಲ್ಲ. ಅದು ಹಿಂದಕ್ಕೆ ಹೋಗಿ ಬಾವಿಯ ಹತ್ತಿರದ ಎಲ್ಲ ಬೆಳಗುಗಳನ್ನೂ ಸುತ್ತಿಕೊಂಡಿತು. ತನ್ನ ಕಣ್ಣು ಕಂಡದ್ದು ತಪ್ಪು, ಟಿವಿ ಕಾಣಿಸಿದ್ದು ಸರಿ ಎಂದು ಅವ್ವ ಅಷ್ಟು ಸುಲಭವಾಗಿ ಒಪ್ಪಿಕೊಂಡುಬಿಟ್ಟಳು.

ನಾನು ಬಿಡುವವಳಲ್ಲ. "ಕೊಳ್ಳೇಗಾಲದೋರೆಲ್ಲಾ ಮಾಟ ಮಾಡ್ತಾರೆ ಅಂತ ಸಿನಿಮಾದಲ್ಲಿ ತೋರುಸ್ತಾರಲ್ಲ, ಹಂಗಾದ್ರೆ ಅದೂ ನಿಜವೇಯ?" ಎಂದೆ. ಇದು ಅವ್ವನ ಹಳೆಯ ಗಾಯ. ನನ್ನ ಮದುವೆ ವಯಸ್ಸಿನಲ್ಲಿ ಮಂಡ್ಯದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಬಿಸಿಲಲ್ಲಿ ಬಂದವರೆಂದು ಅವ್ವ ನಿಂಬೆಹಣ್ಣಿನ ಪಾನಕ ಮಾಡಿ ತಂದಿಟ್ಟಳು. ಅವರು ಲೋಟಗಳನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಮುಟ್ಟಲಿಲ್ಲ. ಕೊಳ್ಳೇಗಾಲದ ಸೀಮೆ, ಅದರಲ್ಲೂ ನಿಂಬೆಹಣ್ಣು! ಆ ಸಂಬಂಧ ತಪ್ಪಿದ್ದಕ್ಕೆ ನನಗೆ ದುಃಖವೇನಿಲ್ಲ, ಪಾನಕಕ್ಕೆ ಹೆದರುವ ಗಂಡಸಿನ ಜೊತೆ ಬಾಳುವುದು ಹೇಗೆ? ಆದರೆ ಅವ್ವ ಆ ಲೋಟಗಳನ್ನು ಹಿತ್ತಲಿಗೆ ಚೆಲ್ಲುತ್ತಾ ಅತ್ತದ್ದನ್ನು ನಾನು ನೋಡಿದ್ದೇನೆ.

"ಅದು ಸಿನಿಮಾ" ಎಂದಳು ಅವ್ವ, ನನ್ನ ಕಡೆ ತಿರುಗದೆ. "ಇದು ನ್ಯೂಸು. ಅಷ್ಟ್ ದೂರದಲ್ ಕೂತಿರೋರ್ಗೆ ನಮ್ಮೂರ್ ಸಾಬ್ರ ಮ್ಯಾಲೆ ಏನ್ ದ್ವೇಸ? ಸುಮ್ಸುಮ್ಕೆ ತೋರ್ಸಾರಾ?"

ಅವಳ ಪ್ರಶ್ನೆ ದಡ್ಡತನದ್ದಲ್ಲ. ದೂರದವರಿಗೆ ದ್ವೇಷ ಏಕಿರಬೇಕು ಎಂದು ನಾನೂ ಆ ಮಧ್ಯಾಹ್ನವೆಲ್ಲ ಅಂಗಳದಲ್ಲಿ ತಿರುಗುತ್ತಾ ಯೋಚಿಸಿದೆ. ನಮ್ಮ ಟಿವಿಯಲ್ಲಿ ಸಾಬರು ಬರುತ್ತಿದ್ದುದಾದರೂ ಹೇಗೆ? ಅವ್ವ ನೋಡುವ ಸೀರಿಯಲ್ಲುಗಳಲ್ಲಿ ಅವರು ಇರಲೇ ಇಲ್ಲ. ಸಿನಿಮಾದಲ್ಲಿ ಬಂದರೆ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಬಾಂಬು ಇಡುವವನು, ಇಲ್ಲವೇ ಹೀರೋನ ಸಲುವಾಗಿ ಪ್ರಾಣ ಬಿಡುವ ಗೆಳೆಯ. ವಾರ್ತೆಯಲ್ಲಿ ಬಂದರೆ ಮುಖಕ್ಕೆ ಬಟ್ಟೆ ಮುಚ್ಚಿ ಪೊಲೀಸರು ಜೀಪು ಹತ್ತಿಸುವವನು. ಸೊಪ್ಪು ಮಾರುವವನು, ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುವವನು, ಉಪ್ಪು ಕಮ್ಮಿ ಎಂದದ್ದಕ್ಕೆ ಹೆಂಡತಿಯಿಂದ ಬೈಸಿಕೊಳ್ಳುವವನು ಒಬ್ಬನೂ ಬರಲಿಲ್ಲ. ಇಷ್ಟು ವರ್ಷ ಅವ್ವ ಟಿವಿಯ ಸಾಬರನ್ನು ಟಿವಿಯಲ್ಲೇ ಇಟ್ಟು, ಕೆರೆ ಏರಿಯ ಕೆಳಗಿನ ಸಾಬರ ಜೊತೆ ಸೊಪ್ಪು ಕಟ್ಟುತ್ತಿದ್ದಳು. ಇಬ್ಬರೂ ಒಬ್ಬರೇ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಆ ಮಧ್ಯಾಹ್ನ ನಮ್ಮ ಸಾಬರೇ ಟಿವಿಯೊಳಗೆ ಹೋದರು.

ಯಾರೂ ಅವರನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಸೊಪ್ಪು ಕೊಳ್ಳಲಿಲ್ಲ. ಮರುದಿನ ಊರೂರ ಬಾಗಿಲಲ್ಲೂ ಮುಳ್ಳುಗಿಡ ಅಡ್ಡ ಹಾಕಿಕೊಂಡು ಕೂತ ಹುಡುಗರು ಫೋನಿನಲ್ಲಿ ಆ ವೀಡಿಯೊ ಎತ್ತಿ ತೋರಿಸಿ ಅವರನ್ನು ವಾಪಸ್ಸು ಕಳಿಸಿದರಂತೆ. ಬಿಸಿಲೇರುವ ಮೊದಲೇ ಹೇರಿದ ಸೊಪ್ಪಿನ ಸಮೇತ ಮೊಪೆಡ್ಡು ಊರಿಗೆ ಹಿಂದಿರುಗಿತು. ನಮ್ಮ ಮನೆ ಮುಂದೆ ಹಾದುಹೋಗುವಾಗ ಸಾಬರು ಇತ್ತ ತಿರುಗಲಿಲ್ಲ.

ಅದೇ ದಿನ ನಮ್ಮ ಹುಳು ಹಣ್ಣಾದವು. ಹಣ್ಣಾದ ಹುಳು ಸೊಪ್ಪು ಬಿಟ್ಟು, ಮೈ ಹೊಳೆಯುತ್ತಾ, ತಲೆ ಎತ್ತಿ ಅತ್ತ ಇತ್ತ ಆಡಿಸುತ್ತದೆ. ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗಲೇ ಆಯ್ದು, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿ, ಚಂದ್ರಿಕೆಗೆ ಬಿಡಬೇಕು. ತಡವಾದರೆ ಸಿಕ್ಕ ಕಡ್ಡಿಗೆ ನೂಲು ಸುತ್ತಿ ಎಲ್ಲ ಹಾಳು. ಹುಳು ಯಾರಿಗೂ ಕಾಯುವುದಿಲ್ಲ. ಆಳು ಕರೆಯಲು ಅಣ್ಣ ಊರೆಲ್ಲ ಸುತ್ತಿ ಬಂದ. ಹೆದರಿ ಯಾರೂ ಮನೆ ಬಿಟ್ಟು ಹೊರಡಲಿಲ್ಲ. ನಾವು ಮೂವರೇ ಬೆವರು ಸುರಿಸಿಕೊಂಡು ಆತುರದಲ್ಲಿ ಆಯತೊಡಗಿದೆವು.

ಯಾರೂ ಹೇಳಿಕಳಿಸದಿದ್ದರೂ ಬೂಬಮ್ಮ ಬಂದಳು. ಹುಳುಮನೆಯ ಕಿಂಡಿಯಿಂದ ನನಗೆ ಕಾಣಿಸುತ್ತಿತ್ತು. ಅಂಗಳದ ನಲ್ಲಿಯಲ್ಲಿ ಕೈ ತೊಳೆದಳು, ಮೊಣಕಾಲಿನವರೆಗೆ ಸೀರೆ ಎತ್ತಿ ಕಾಲು ತೊಳೆದಳು, ಸೆರಗನ್ನು ಮೂಗಿನ ಮೇಲಕ್ಕೆ ಬಿಗಿದುಕೊಂಡಳು. ಬಾಗಿಲಿಗೆ ಬಂದು ಬ್ಲೀಚಿಂಗ್ ನೀರಿಗೆ ಕಾಲು ಇಡುವಷ್ಟರಲ್ಲಿ ಅವ್ವ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಈ ಸಲ ಬ್ಯಾಡ ಕಣವ್ವ. ಉಳಕ್ಕೆ ಸೋಂಕಾದದು."

ಬೂಬಮ್ಮ ಅವಳನ್ನೇ ನೋಡಿದಳು. "ಉಳಕ್ಕಾ ಅಕ್ಕಾ?" ಎಂದಳು.

ಅವ್ವ ಬಾಗಿಲು ಬಿಟ್ಟು ಸರಿಯಲಿಲ್ಲ. ಬೂಬಮ್ಮ ಜಗಳ ಮಾಡಬಹುದಿತ್ತು. ನಾನಾಗಿದ್ದರೆ ಬಾಗಿಲು ಮುರಿಯುವ ಹಾಗೆ ಕೂಗಾಡುತ್ತಿದ್ದೆ. ಅವಳು ತಲೆ ತಗ್ಗಿಸಿ, ಏನೋ ಒಪ್ಪಿಕೊಂಡವಳ ಹಾಗೆ ತಿರುಗಿ ಹೋದಳು. ನನಗೆ ಅದು ಅರ್ಥವಾಗಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಅವ್ವನ ಮೇಲೆ ಬಾಯಿಗೆ ಬಂದಂತೆ ಹಾರಾಡಿದೆ. "ಮೊದ್ಲು ಉಳ ಆಯಿ, ಆಮ್ಯಾಕೆ ನ್ಯಾಯ ಏಳೀಯಂತೆ" ಎಂದಳು. ಆಯ್ದೆವು. ಸಂಜೆಯ ಹೊತ್ತಿಗೆ, ನಮ್ಮ ಕೈ ತಲುಪದ ಮೇವಿನ ತಟ್ಟೆಗಳ ಕಡ್ಡಿ ಕಡ್ಡಿಯಲ್ಲೂ ನೂಲು ಸುತ್ತಿಕೊಂಡ ಹುಳು ಕಾಣಿಸಿದವು. ಅಣ್ಣ ಅವನ್ನೆಲ್ಲ ಬುಟ್ಟಿಗೆ ತುಂಬಿ ತಿಪ್ಪೆಗೆ ಹೊತ್ತ.

ಹುಳುಮನೆ ಖಾಲಿಯಾದ ಮೇಲೆ ಅವ್ವನಿಗೂ ಕೈಗೆ ಕೆಲಸವಿರಲಿಲ್ಲ. ಮಡಿಯಲ್ಲಿ ಸೊಪ್ಪು ಬಲಿಯುತ್ತಿತ್ತು, ಕೊಳ್ಳುವವರು ಬರುತ್ತಿರಲಿಲ್ಲ. ಸುಮ್ಮನೆ ಹಾಳಾಗುವುದು ಬೇಡ, ಕೇರಿಯವರಿಗಾದರೂ ಹಂಚೋಣ ಎಂದು ಒಂದು ಬೆಳಿಗ್ಗೆ ಅವಳು ಬಾವಿಯ ಹತ್ತಿರ ಕೂತು ಕಟ್ಟತೊಡಗಿದಳು. ಬಾಯಲ್ಲಿ ನಾರು. ಎರಡು ಕೈಯಲ್ಲಿ ದಂಟಿನ ಬುಡ. ಪಕ್ಕದ ಜಾಗ ಖಾಲಿ. ನನ್ನ ಸಿಟ್ಟು ಆರಿರಲಿಲ್ಲ. ಫೋನು ತೆಗೆದು, ಅವಳಿಗೆ ಹೇಳದೆ ವೀಡಿಯೊ ಮಾಡಿದೆ. ಬರೀ ಬಾಯಿ ಕಾಣುವ ಹಾಗೆ ಹತ್ತಿರಕ್ಕೆ ಎಳೆದೆ. ಆಮೇಲೆ ಅವಳ ಪಕ್ಕದಲ್ಲಿ ಕೂತು ತೋರಿಸಿದೆ.

"ಇದ್ ನಾನಾ? ಇಷ್ಟ್ ಮುದುಕಿ ಆಗೋಗಿವ್ನಾ!" ಎಂದು ಮೊದಲು ನಕ್ಕಳು. ನಾನು ನಗಲಿಲ್ಲ. ಮತ್ತೆ ಮೊದಲಿನಿಂದ ಹಚ್ಚಿದೆ, ನಿಧಾನವಾಗಿ ಓಡುವ ಹಾಗೆ. ಎಂಜಲಿನಿಂದ ಹೊಳೆಯುವ ನಾರು ಅವಳ ಹಲ್ಲಿನ ನಡುವಿನಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಬಂತು. ನನ್ನ ತಾಯಿಯೇ ಆದರೂ, ಅದನ್ನು ಹಾಗೆ ನೋಡಿದಾಗ ನನಗೇ ಒಂದು ಚೂರು ಅಸಹ್ಯವಾಯಿತು. ಅಷ್ಟು ಸುಲಭ ಅದು. ಅವ್ವನ ನಗು ನಿಂತಿತು. ಬಾಯಲ್ಲಿ ಉಳಿದಿದ್ದ ನಾರನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅವಳು ಬೈಯಬಹುದು ಎಂದುಕೊಂಡಿದ್ದೆ, ವಾದಿಸಬಹುದು ಎಂದುಕೊಂಡಿದ್ದೆ. ಅವಳು ಹೆದರಿದಳು.

"ಅಳುಸ್ಬುಡು ಕೂಸು" ಎಂದಳು. "ಯಾರ್ಗೂ ಕಳುಸ್ಬ್ಯಾಡ. ಜನ ಏನಂದ್ಕಂಡಾರು?"

ಅಳಿಸಿದೆ. ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಅವಳ ವೀಡಿಯೊ ಇದ್ದದ್ದು ಒಂದೇ ಫೋನಿನಲ್ಲಿ, ಬೆರಳಾಡಿಸಿದರೆ ಹೋಯಿತು. ಸಾಬರದು ಎಷ್ಟು ಫೋನುಗಳಿಗೆ ಹೋಗಿತ್ತೋ ಯಾರಿಗೆ ಗೊತ್ತು. ಬಸ್ಸುಗಳು ಮತ್ತೆ ಓಡಲು ಶುರುವಾದ ಮೇಲೂ, ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತವರು ಫೋನು ತೀಡುವಾಗ ಒಮ್ಮೆ ಅದು ನನ್ನ ಕಣ್ಣಿಗೆ ಬಿತ್ತು. ಕೆಳಗೆ ಬೇರೆ ಯಾವುದೋ ರಾಜ್ಯದ ಹೆಸರಿತ್ತು.

ಅವ್ವ ಆ ಬೆಳಿಗ್ಗೆ ಸೊಪ್ಪು ಹಂಚಲು ಹೋಗಲಿಲ್ಲ. ಕೈಯಲ್ಲಿದ್ದ ನಾರನ್ನು ಬದಿಗಿಟ್ಟು, "ಬಾ, ಓಗ್ಬುಟ್ಟು ಬರಮ" ಎಂದು ಎದ್ದಳು. ಕಟ್ಟಿದ ದಂಟನ್ನು ಕೈಗೆ ತೆಗೆದುಕೊಂಡವಳು ಮತ್ತೆ ಕೆಳಗಿಟ್ಟಳು. "ಈಗ ಸೊಪ್ ತಕಂಡೋದ್ರೆ ಅಣಕ್ಸ್ದಂಗಾದದು" ಎಂದಳು. ಬರಿಗೈಯಲ್ಲೇ ಕೆರೆ ಏರಿಯ ಕಡೆಗೆ ನಡೆದೆವು. ನಮ್ಮನ್ನು ಕಂಡ ಕೂಡಲೇ, ಜಗುಲಿಯ ಮೇಲೆ ಕೂತಿದ್ದ ಸಾಬರು ಎದ್ದು ಒಳಗೆ ಹೋದರು. ಬೂಬಮ್ಮ ಚಾಪೆ ಹಾಸಿದಳು. ತಾನು ಮಾತ್ರ ದೂರದ ಕಂಬಕ್ಕೆ ಒರಗಿ ಕೂತಳು.

"ತಪ್ಪಾಯ್ತು ಕಣವ್ವ" ಎಂದಳು ಅವ್ವ. ಅವಳ ಬಾಯಲ್ಲಿ ಈ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಆ ಟಿವಿ ನೋಡಿ ನೋಡಿ ನನ್ ಬುದ್ಧಿ ಕೆಟ್ಟೋಯ್ತು. ನಾನೂ ಅಂಗೇ ಅಲ್ವ ಕಟ್ಟದು? ನಿನ್ನ ಬಾಗ್ಲಿಂದ ಕಳುಸ್ಬುಟ್ನಲ್ಲ. ನಾಕ್ ಮಾತ್ ಬೈದ್ಬುಡು, ನಂಗೆ ಸಮಾದಾನ ಆಯ್ತದೆ."

ಬೂಬಮ್ಮ ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಾ ಕೂತಿದ್ದಳು. ಒಳಗೆ ಸಾಬರು ಕೆಮ್ಮಿದರು, ಅದನ್ನು ಅರ್ಧಕ್ಕೇ ತಡೆದುಕೊಂಡರು.

"ನಾನ್ಯಾವ್ ಬಾಯಲ್ ಬೈಯ್ಲಿ ಅಕ್ಕಾ" ಎಂದಳು ಕಡೆಗೆ. ದನಿ ತಗ್ಗಿಸಿದ್ದಳು. "ಕೊಳ್ಳೇಗಾಲದಿಂದ ನಮ್ ತಂಗಿ ಅದ ಫೋನ್ಗೆ ಕಳ್ಸಿದ್ಳು. ಸುತ್ತಾ ಕೆಂಪ್ಗೆ ಗೆರೆ, ಮ್ಯೂಸಿಕ್ಕು. ಒಂದ್ ಸಲ ನೋಡ್ದಿ, ಎಲ್ಡ್ ಸಲ ನೋಡ್ದಿ. ಆಮ್ಯಾಕೆ ಎದ್ದೋಗಿ, ಉಣ್ತಾ ಕೂತಿದ್ರು, ಅವರ್ನೇ ಕೇಳ್ಬುಟ್ಟಿ. ಯಾಕ್ರೀ ಅಂಗ್ ಮಾಡುದ್ರಿ, ಅಂತ. ಮದ್ವೆ ಆಗಿ ಬಂದಾಗಿಂದ ಅವ್ರು ನಾರ್ ಕಚ್ಚದ ನೋಡಿವ್ನಿ. ನಾನೇ ಕೇಳ್ಬುಟ್ಟಿ."

"ಅವ್ರೇನಂದ್ರು?" ಎಂದಳು ಅವ್ವ.

"ತಟ್ಟೆ ಬುಟ್ಟು ಎದ್ರು. ಅವತ್ತಿಂದ ನನ್ ಕೂಡ ಮಾತಿಲ್ಲ. ಮಾರ್ನೆ ದಿಸ ನೀವು ಬಾಗ್ಲಲ್ಲಿ ಬ್ಯಾಡ ಅಂದ್ರಲ್ಲ, ನಂಗೆ ಸರ್ಯಾಗೇ ಆಯ್ತು ಅನ್ನುಸ್ತು."

ಅವ್ವ ಒಳಬಾಗಿಲ ಕಡೆ ತಿರುಗಿ "ಸಾಬ್ರೇ, ಒಸಿ ಈಚೆ ಬನ್ನಿ" ಎಂದು ಕರೆದಳು. ಸ್ವಲ್ಪ ಹೊತ್ತು ಬಿಟ್ಟು ಬೂಬಮ್ಮನೂ ಕರೆದಳು. ಒಳಗಿನಿಂದ ಯಾರೂ ಬರಲಿಲ್ಲ.